ಗೆರೆ ಇಲ್ಲದ ಜಾಗ

ಒಂದು ಪ್ಲಾಸ್ಟಿಕ್ ಕುರ್ಚಿ, ಅದರ ಮೇಲೆ ಸ್ಟೀಲ್ ತಟ್ಟೆ, ತಟ್ಟೆಯಲ್ಲಿ ಹನ್ನೊಂದು ಮಲೇರಿಯಾ ಕಾರ್ಡುಗಳು, ಅವುಗಳ ಪಕ್ಕದಲ್ಲಿ ಪುಟ್ಟ ಸೀಸೆಯ ನೀರಿನಲ್ಲಿ ಅದ್ದಿ ನಿಲ್ಲಿಸಿದ ಒಂದು ಕಡ್ಡಿ. ಆ ಮಂಗಳವಾರ ಕಟಪಾಡಿಯಲ್ಲಿ ನನ್ನ ಎದುರಿಗೆ ಇದ್ದದ್ದು ಇಷ್ಟೇ. ಆಮೇಲೆ ಆ ತಟ್ಟೆಯನ್ನು ಮನಸ್ಸಿನಲ್ಲಿ ಎಷ್ಟು ಸಲ ಮತ್ತೆ ಜೋಡಿಸಿ ನೋಡಿದ್ದೇನೆಂದರೆ, ಯಾವ ಕಾರ್ಡಿನ ಮೂಲೆ ಯಾವ ಕಡೆಗೆ ತಿರುಗಿತ್ತು ಎಂಬುದನ್ನೂ ಈಗ ಹೇಳಬಲ್ಲೆ. ನೋಡಬೇಕಾಗಿದ್ದ ಆ ಹೊತ್ತಿನಲ್ಲಿ ಮಾತ್ರ ಸರಿಯಾಗಿ ನೋಡಲಿಲ್ಲ.

ನಾನು ಲ್ಯಾಬ್ ಟೆಕ್ನಿಷಿಯನ್. ಹೆಚ್ಚಿನ ವರ್ಷಗಳು ಮಲೇರಿಯಾದ ಹಿಂದೆಯೇ ಹೋಗಿವೆ. ಮಳೆಗಾಲ ಶುರುವಾಯಿತೆಂದರೆ ಮಣಿಪಾಲ, ಉಡುಪಿ, ಕಾಪು ಕಡೆ ಎಲ್ಲೆಲ್ಲಿ ಹೊಸ ಕಟ್ಟಡ ಏಳುತ್ತದೋ ಅಲ್ಲಿಗೆಲ್ಲ ಹೋಗಿ, ಕೆಲಸದವರ ಬೆರಳು ಚುಚ್ಚಿ, ಒಂದು ಹನಿ ರಕ್ತವನ್ನು ಕಾರ್ಡಿಗೆ ಹಾಕಿ ನೋಡುವುದು ನನ್ನ ಕೆಲಸ. ಆ ಕಾರ್ಡನ್ನು ಓದಲು ಹೆಚ್ಚು ಕಲಿಯಬೇಕಾಗಿಲ್ಲ. ಒಂದೇ ಗೆರೆ ಬಂದರೆ ರೋಗ ಇಲ್ಲ, ಅದರ ಕೆಳಗೆ ಇನ್ನೊಂದು ಗೆರೆ ಬಂದರೆ ಉಂಟು. ಕಟ್ಟಡದ ಕೆಲಸದವರಿಗೂ ಇದು ಗೊತ್ತು. ಎಷ್ಟೋ ಸಲ ನಾನು ಬಾಯಿ ತೆರೆಯುವ ಮೊದಲೇ ಅವರು ನನ್ನ ಭುಜದ ಮೇಲಿಂದ ಬಗ್ಗಿ ನೋಡಿ, ಪಕ್ಕದವನಿಗೆ ಜ್ವರ ಹಿಡಿದಿದೆಯೆಂದು ಹೇಳಿ ನಗುತ್ತಾರೆ.

ಆ ಸೀಸೆಯಲ್ಲಿದ್ದ ಕಡ್ಡಿ ಮಲೇರಿಯಾದ್ದಲ್ಲ. ಅದು ಸಿಕಲ್ ಸೆಲ್ ರೋಗದ್ದು. ರಕ್ತದ ಕೆಂಪು ಕಣಗಳು ದುಂಡಗೆ ಮೆತ್ತಗೆ ಇರುವ ಬದಲು ಕುಡುಗೋಲಿನ ಹಾಗೆ ಬಾಗಿ ಗಟ್ಟಿಯಾಗುವ, ಸಣ್ಣ ನಾಳಗಳಲ್ಲಿ ಸಿಕ್ಕಿಕೊಂಡು ಕೈಕಾಲುಗಳಲ್ಲಿ ತಾಳಲಾರದ ನೋವು ತರುವ ರೋಗ. ಹುಟ್ಟಿನಿಂದ ಬರುವಂಥದ್ದು. ಮೊದಲೆಲ್ಲ ಇದನ್ನು ಕಂಡುಹಿಡಿಯಲು ರಕ್ತವನ್ನು ದೊಡ್ಡ ಯಂತ್ರ ಇರುವಲ್ಲಿಗೆ ಕಳಿಸಿ ದಿನಗಟ್ಟಲೆ ಕಾಯಬೇಕಿತ್ತು. ಈಗ ಒಂದು ಹನಿ ರಕ್ತ, ಒಂದಿಷ್ಟು ನೀರು, ಒಂದು ಕಾಗದದ ಕಡ್ಡಿ, ಹತ್ತು ನಿಮಿಷ ಸಾಕು. ಕರೆಂಟು ಬೇಡ, ಫ್ರಿಜ್ ಬೇಡ. ಕಾರ್ಕಳ ಕಡೆಯ ಆದಿವಾಸಿ ಕಾಲೊನಿಗಳಲ್ಲಿ ಮನೆಮನೆಗೆ ಹೋಗಿ ಇದನ್ನು ಮಾಡಬೇಕೆಂದು ನಮ್ಮನ್ನು ಹಾಕಿದ್ದರು.

ಅದಕ್ಕೆ ಮೊದಲು ಮಣಿಪಾಲದಲ್ಲಿ ಅರ್ಧ ದಿನದ ತರಬೇತಿ ಇತ್ತು. ಹೇಳಿಕೊಟ್ಟವರು ನನ್ನ ಮಗಳ ಪ್ರಾಯದ ಒಬ್ಬ ಡಾಕ್ಟರು. ಈ ಕಡ್ಡಿಯಲ್ಲಿ ಎಲ್ಲವೂ ತಿರುಗುಮುರುಗು ಎಂದು ಅವರು ಮೊದಲೇ ಎಚ್ಚರಿಸಿದರು. ಮೇಲಿನ ಒಂದು ಗೆರೆ ಯಾವಾಗಲೂ ಬರಬೇಕು, ಅದು ಕಡ್ಡಿ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ. ಅದರ ಕೆಳಗೆ ಎರಡು ಜಾಗ: ಮೊದಲು ಒಳ್ಳೆಯ ರಕ್ತದ ಜಾಗ, ಅದರ ಕೆಳಗೆ ಸಿಕಲ್ ರಕ್ತದ ಜಾಗ. ರಕ್ತದಲ್ಲಿ ಯಾವುದು ಇದೆಯೋ ಅದರ ಜಾಗದಲ್ಲಿ ಗೆರೆ ಮೂಡುವುದಿಲ್ಲ. ಯಾವುದು ಇಲ್ಲವೋ ಅಲ್ಲಿ ಗೆರೆ ಮೂಡುತ್ತದೆ. ಅಂದರೆ ಆರೋಗ್ಯವಂತರ ಕಡ್ಡಿಯಲ್ಲಿ ಸಿಕಲ್ ಜಾಗದಲ್ಲಿ ಗೆರೆ ಕಾಣುತ್ತದೆ, ಒಳ್ಳೆಯ ರಕ್ತದ ಜಾಗ ಖಾಲಿ ಇರುತ್ತದೆ.

"ಹೊಸಬರ ಬಗ್ಗೆ ನನಗೆ ಹೆದರಿಕೆ ಇಲ್ಲ," ಎಂದರು ಆ ಡಾಕ್ಟರು. "ಮಲೇರಿಯಾ ಕಾರ್ಡು ನೋಡಿ ನೋಡಿ ಪಳಗಿದವರು ಇದ್ದೀರಲ್ಲ, ನೀವೇ ತಪ್ಪು ಮಾಡುವುದು."

ನಾವು ಹಳಬರೆಲ್ಲ ನಕ್ಕೆವು. ನಾನೂ ನಕ್ಕೆ. ಆದರೂ ಕಡ್ಡಿಯ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಬಿಳಿ ಕಾಗದ ಅಂಟಿಸಿ, ದಪ್ಪ ಅಕ್ಷರದಲ್ಲಿ ಬರೆದುಕೊಂಡೆ: ಗೆರೆ ಇಲ್ಲದ ಜಾಗವನ್ನು ಓದು. ಕಾಲೊನಿಗಳಲ್ಲಿ ಪ್ರತಿ ಸಲ ಪೆಟ್ಟಿಗೆ ತೆರೆದಾಗ ಆ ಕಾಗದ ಎದುರಿಗೆ ಇರುತ್ತಿತ್ತು, ಒಂದು ತಪ್ಪೂ ಆಗಲಿಲ್ಲ. ಮೂರು ವಾರಗಳಲ್ಲಿ ಕೈ ಪಳಗಿತು.

ಕಟಪಾಡಿಗೆ ಹೋದದ್ದು ಮಲೇರಿಯಾಕ್ಕೆ. ಹೆದ್ದಾರಿಯಿಂದ ಸ್ವಲ್ಪ ಒಳಗೆ ಒಂದು ವಸತಿ ಕಟ್ಟಡದ ಕೆಲಸ ನಡೆಯುತ್ತಿತ್ತು, ಅಲ್ಲಿ ಇಬ್ಬರಿಗೆ ಜ್ವರ ಎಂದು ಸುದ್ದಿ ಬಂದಿತ್ತು. ತುಳುನಾಡಿನ ಸೋಣ ತಿಂಗಳು, ಮಳೆಗಾಲ ಇಳಿಯುವ ಹೊತ್ತು. ಒಂದು ಗಳಿಗೆ ಬಿಸಿಲು, ಒಂದು ಗಳಿಗೆ ಮಳೆ. ಸಿಕಲ್ ಪೆಟ್ಟಿಗೆಯನ್ನು ನಾನು ಆರೋಗ್ಯ ಕೇಂದ್ರದಲ್ಲೇ ಬಿಟ್ಟು ಬಂದಿದ್ದೆ. ಹಿಂದಿನ ದಿನ ತೆರೆದ ಡಬ್ಬಿಯಲ್ಲಿ ಉಳಿದಿದ್ದ ಒಂದೇ ಒಂದು ಕಡ್ಡಿ ಮತ್ತು ಅದರ ಸೀಸೆ ಮಾತ್ರ ಚೀಲದ ಬದಿಯ ಜೇಬಿನಲ್ಲಿ ಹಾಗೇ ಇತ್ತು.

ಹತ್ತು ಮಂದಿಯ ಬೆರಳು ಚುಚ್ಚಿ ಆದ ಮೇಲೆ ಒಬ್ಬಳು ಹೆಂಗಸು ಆರೇಳು ವರ್ಷದ ಹುಡುಗಿಯನ್ನು ಮುಂದಕ್ಕೆ ದೂಡಿಕೊಂಡು ಬಂದಳು. ಉತ್ತರ ಕರ್ನಾಟಕದವಳು, ಗಂಡ ಹೆಂಡತಿ ಇಬ್ಬರೂ ಅಲ್ಲಿ ಗಾರೆ ಕೆಲಸಕ್ಕೆ. "ಅಕ್ಕಾರ, ಈಕೀದೂ ನೋಡ್ರಿ," ಎಂದಳು. "ನಾಕ ಸಲ ನೋಡ್ಯಾರ, ಮಲೇರಿಯಾ ಇಲ್ಲ ಅಂತಾರ. ಕೈಕಾಲು ನೋವು ಮಾತ್ರ ಬಿಡವಲ್ದು."

ಹುಡುಗಿ ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದಳು. ಹನ್ನೊಂದನೆಯ ಮಲೇರಿಯಾ ಕಾರ್ಡು ಅವಳದ್ದು. ಬೆರಳು ಚುಚ್ಚುವಾಗ ಅವಳ ಕಣ್ಣು ನೋಡಿದೆ. ಬಿಳಿಯ ಭಾಗ ಸ್ವಲ್ಪ ಹಳದಿ. ಅಂಗೈ ಬಿಳಿಚಿತ್ತು. ನೋವು ಯಾವಾಗ ಬರುತ್ತದೆ ಎಂದು ಕೇಳಿದೆ. ತಣ್ಣೀರಲ್ಲಿ ಮಿಂದರೆ, ಮಳೆಯಲ್ಲಿ ತೊಯ್ದರೆ ಬರುತ್ತದೆ ಎಂದು ತಾಯಿ ಹೇಳಿದಳು. ಸಣ್ಣವಳಿದ್ದಾಗ ಬೆರಳುಗಳು ಬಾತುಕೊಳ್ಳುತ್ತಿದ್ದವಂತೆ. ಮಣಿಪಾಲದ ತರಬೇತಿಯಲ್ಲಿ ಕೇಳಿದ ಮಾತುಗಳು ಒಂದೊಂದಾಗಿ ನೆನಪಿಗೆ ಬಂದವು. ಆ ಹುಡುಗಿ ನಮ್ಮ ಕಾಲೊನಿಯ ಪಟ್ಟಿಯಲ್ಲಿ ಇರುವವಳಲ್ಲ. ಆದರೂ ಚೀಲದಲ್ಲಿ ಒಂದು ಕಡ್ಡಿ ಉಂಟಲ್ಲ ಎಂದುಕೊಂಡೆ. ಅದೇ ಬೆರಳಿನಿಂದ ಇನ್ನೊಂದು ಹನಿ ತೆಗೆದು ಸೀಸೆಯ ನೀರಿಗೆ ಸೇರಿಸಿ, ಕಡ್ಡಿ ಅದ್ದಿ, ಗಡಿಯಾರ ನೋಡಿದೆ. ಇಲ್ಲಿಯವರೆಗೆ ನಾನು ಮಾಡಿದ್ದೆಲ್ಲ ಸರಿಯೇ.

ಆ ಹತ್ತು ನಿಮಿಷದ ನಡುವೆ ಏಳನೆಯ ಕಾರ್ಡಿನಲ್ಲಿ ಎರಡನೆಯ ಗೆರೆ ಬಂತು. ಮಲೇರಿಯಾ. ಆ ಕಾರ್ಡಿನ ಹುಡುಗನನ್ನು ಕೂರಿಸಿ ಹೆಸರು ಬರೆದು, ಕೇಂದ್ರಕ್ಕೆ ಫೋನ್ ಮಾಡಿ, ಮಾತ್ರೆ ತೆಗೆದುಕೊಳ್ಳುವ ಕ್ರಮ ಹೇಳಿ, ಉಳಿದ ಕಾರ್ಡುಗಳನ್ನು ಒಂದೊಂದಾಗಿ ಓದುತ್ತ ಬಂದೆ. ಇಲ್ಲ, ಇಲ್ಲ, ಇಲ್ಲ. ಹನ್ನೊಂದನೆಯದೂ ಇಲ್ಲ. ಅದೇ ಓಟದಲ್ಲಿ ಕಡ್ಡಿಯನ್ನೂ ಎತ್ತಿ ನೋಡಿದೆ. ಮೇಲಿನ ಗೆರೆ ಉಂಟು. ಒಳ್ಳೆಯ ರಕ್ತದ ಜಾಗದಲ್ಲಿ ಗೆರೆ ಉಂಟು. ಸಿಕಲ್ ಜಾಗ ಖಾಲಿ.

"ಏನೂ ಇಲ್ಲಮ್ಮ," ಎಂದೆ. "ಮಗುವಿನ ರಕ್ತ ಸರಿ ಉಂಟು."

ತಾಯಿ ಹುಡುಗಿಯ ಕಡೆ ತಿರುಗಿ ನೋಡಿದಳು. ಆ ನೋಟವನ್ನು ನಾನು ಸಮಾಧಾನ ಎಂದು ತಿಳಿದುಕೊಂಡೆ. ಕಡ್ಡಿಯನ್ನು ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹಾಕಿ, ಪುಸ್ತಕದಲ್ಲಿ ಒಂದು ಸಾಲು ಬರೆದು, ಐದು ಗಂಟೆಯ ಬಸ್ಸು ಹಿಡಿದೆ.

ಗುರುವಾರ ಅಜೆಕಾರಿನಲ್ಲಿ ಕಾಲೊನಿ ಕೆಲಸ. ಜೊತೆಗೆ ಅಲ್ಲಿನ ಆಶಾ ಕಾರ್ಯಕರ್ತೆ. ನನಗಿಂತ ಎರಡು ವರ್ಷ ಚಿಕ್ಕವಳು, ನಾಲಿಗೆ ಮಾತ್ರ ದೊಡ್ಡದು. ಗದ್ದೆಯ ಬದಿಯ ಅಂಗನವಾಡಿಯಲ್ಲಿ ಕುಳಿತೆವು. ಮೊದಲು ಬಂದವನು ತೋಟದ ಕೆಲಸದ ಒಬ್ಬ ಗಟ್ಟಿಮುಟ್ಟಾದ ಮನುಷ್ಯ. ಪೆಟ್ಟಿಗೆ ತೆರೆದೆ, ಮುಚ್ಚಳದ ಕಾಗದ ಕಂಡಿತು, ಹತ್ತು ನಿಮಿಷ ಕಳೆಯಿತು, ಕಡ್ಡಿ ಎತ್ತಿದೆ. ಸಿಕಲ್ ಜಾಗದಲ್ಲಿ ಗೆರೆ, ಒಳ್ಳೆಯ ರಕ್ತದ ಜಾಗ ಖಾಲಿ. ಆರೋಗ್ಯವಂತ. ಬಾಯಲ್ಲಿ ಹಾಗೆಂದು ಹೇಳಿಯೂ ಆಯಿತು. ಆದರೆ ಕಡ್ಡಿಯನ್ನು ಕೆಳಗಿಡಲು ಕೈ ಬರಲಿಲ್ಲ.

ಈ ಮೂರು ವಾರಗಳಲ್ಲಿ ನಾನು ನೋಡಿದ ಕಡ್ಡಿಗಳೆಲ್ಲ ಹೆಚ್ಚುಕಡಿಮೆ ಹೀಗೇ ಇದ್ದವು. ಅಲ್ಲೊಂದು ಇಲ್ಲೊಂದು ಎರಡೂ ಜಾಗ ಖಾಲಿ ಇದ್ದವು, ಅವರು ರೋಗವಿಲ್ಲದೆ ಅದರ ಅರ್ಧವನ್ನು ಮಾತ್ರ ಹೊತ್ತವರು. ಒಳ್ಳೆಯ ರಕ್ತದ ಜಾಗದಲ್ಲಿ ಗೆರೆ ಇದ್ದು ಸಿಕಲ್ ಜಾಗ ಖಾಲಿ ಇದ್ದ ಕಡ್ಡಿಯನ್ನು ಕಾಲೊನಿಗಳಲ್ಲಿ ನಾನು ಒಂದು ಸಲವೂ ನೋಡಿರಲಿಲ್ಲ. ನೋಡಿದ್ದು ಒಂದೇ ಒಂದು ಸಲ. ಮಂಗಳವಾರ, ಕಟಪಾಡಿಯಲ್ಲಿ.

"ಎಂತ ಅಕ್ಕ, ಅವನ ಜಾತಕ ಬರೆದುಂಟಾ ಅದರಲ್ಲಿ?" ಎಂದಳು ಆಶಾ. "ಇನ್ನೂ ಹದಿನಾಲ್ಕು ಜನ ಕಾಯ್ತಾ ಇದ್ದಾರೆ ಮಾರಾಯ್ತಿ."

ಅವಳಿಗೆ ಹೇಳಿದೆ. ಬೇರೆ ಯಾರಿಗೂ ಕೇಳದ ಹಾಗೆ, ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳಿದೆ. ಅವಳ ತಮಾಷೆ ನಿಂತಿತು. ಕಡ್ಡಿ ಉಂಟೋ ಎಂದು ಕೇಳಿದಳು. ಇಲ್ಲ, ಹಳದಿ ಚೀಲ ಬುಧವಾರವೇ ಹೋಗಿತ್ತು. ಫೋಟೋ? ಕಾಲೊನಿಯವರದ್ದಾದರೆ ಪ್ರತಿಯೊಂದರ ಫೋಟೋ ತೆಗೆಯುವ ಕ್ರಮ ಉಂಟು. ಈ ಮಗು ಪಟ್ಟಿಯಲ್ಲಿ ಇಲ್ಲದ್ದರಿಂದ ತೆಗೆದಿರಲಿಲ್ಲ. ಉಳಿದದ್ದು ನನ್ನ ಕಣ್ಣಿನ ನೆನಪು ಮಾತ್ರ, ಆ ಕಣ್ಣನ್ನೇ ಈಗ ನಂಬುವ ಹಾಗಿರಲಿಲ್ಲ.

ಅವಳು, ಈ ಹದಿನಾಲ್ಕು ಜನರನ್ನು ಮುಗಿಸು, ಒಬ್ಬೊಬ್ಬರದ್ದನ್ನೂ ನನಗೆ ತೋರಿಸಿ ಓದು, ಆಮೇಲೆ ಹೋಗು ಎಂದಳು. ಹಾಗೇ ಮಾಡಿದೆವು. ನಾನು ಗಟ್ಟಿಯಾಗಿ ಓದುವುದು, ಅವಳು ಬಗ್ಗಿ ನೋಡಿ ಹೌದೆನ್ನುವುದು.

ಎರಡು ಗಂಟೆಗೆ ಅಲ್ಲಿಂದ ಹೊರಟು ಕಾರ್ಕಳಕ್ಕೆ ಬಂದೆ, ಅಲ್ಲಿಂದ ಪಡುಬಿದ್ರಿಯ ಬಸ್ಸು. ಅದು ನಿಟ್ಟೆಯಲ್ಲಿ ನಿಂತಿತು. ಕಾಲೇಜು ಬಿಟ್ಟ ಹುಡುಗ ಹುಡುಗಿಯರು ಹತ್ತಿ ತುಂಬಿಕೊಂಡರು. ಕಿಟಕಿಯಿಂದ ಹೊಸ ಕಟ್ಟಡವೊಂದರ ಹಸಿರು ಬಲೆ ಕಾಣುತ್ತಿತ್ತು. ನಾನು ಅದನ್ನು ನೋಡಿದೆ, ಬೇರೇನೋ ಯೋಚಿಸಿದೆ. ಆ ಹುಡುಗಿಗೆ ಜ್ವರ ಬಂದರೆ ಏನಾಗಬಹುದು, ಇವರು ಊರು ಬಿಟ್ಟು ಊರಿಗೆ ಹೋಗುವವರು, ಇನ್ನೆಲ್ಲಿಯೋ ಯಾರೋ ಕೇಳಿದರೆ ತಾಯಿ, ರಕ್ತ ನೋಡಿದ್ದಾರೆ, ಏನೂ ಇಲ್ಲ ಎಂದು ಹೇಳಿಬಿಡುತ್ತಾಳೆ. ನಾನು ಆ ಕಡ್ಡಿಯನ್ನು ಹಾಕದೇ ಇದ್ದಿದ್ದರೆ ಇನ್ನೊಬ್ಬರಾದರೂ ಸಂಶಯಪಡುತ್ತಿದ್ದರು. ಈಗ ಸಂಶಯಕ್ಕೂ ದಾರಿ ಇಲ್ಲದ ಹಾಗೆ ಮಾಡಿದ್ದೆ.

ಪಡುಬಿದ್ರಿಯಲ್ಲಿ ಬಸ್ಸು ಬದಲಿಸಿ, ಕಾಪು ದಾಟಿ ಕಟಪಾಡಿಯಲ್ಲಿ ಇಳಿದಾಗ ನಾಲ್ಕೂವರೆ. ಕಟ್ಟಡದ ಕೆಳಗೆ ಶೆಡ್ಡುಗಳು ಖಾಲಿ ಇದ್ದವು. ಇಟ್ಟಿಗೆ ಒಲೆಯಲ್ಲಿ ಮಳೆನೀರು ನಿಂತಿತ್ತು. ಮೇಸ್ತ್ರಿ ಒಬ್ಬನೇ ಕುಳಿತು ಫೋನ್ ನೋಡುತ್ತಿದ್ದ. ನನ್ನ ಚೀಲ ಕಂಡ ಕೂಡಲೇ ಎದ್ದು ನಿಂತ. ಗಾರೆ ಕೆಲಸದವರು ಎಲ್ಲಿ ಎಂದು ಕೇಳಿದರೆ, ಕೆಲಸ ಮುಗಿಯಿತು, ಊರಿಗೆ ಹೋದರು ಎಂದ. ಯಾವ ಊರು? ಗೊತ್ತಿಲ್ಲ. ಫೋನ್ ನಂಬರು? ಇಲ್ಲ. ಉತ್ತರಗಳು ಬಹಳ ಬೇಗ ಬಂದವು. ಇವನು ಯಾಕೆ ಹೀಗೆ ಹೇಳುತ್ತಾನೆಂದು ನನಗೆ ಗೊತ್ತು. ಒಂದು ಕಡೆ ಮಲೇರಿಯಾ ಸಿಕ್ಕಿತೆಂದರೆ ನಿಂತ ನೀರಿಗೆ ನೋಟಿಸು ಬರುತ್ತದೆ, ಅದೇ ಗುಂಪಿನ ಹಿಂದೆ ಮುಂದಿನ ಕಟ್ಟಡಕ್ಕೂ ನಾವು ಹೋಗುತ್ತೇವೆ. ಇದು ಮಲೇರಿಯಾ ಅಲ್ಲ, ಒಂದು ಮಗುವಿನ ವಿಷಯ ಎಂದು ಎರಡು ಸಲ ಹೇಳಿದೆ. ಅವನು ತಲೆಯಾಡಿಸಿ ಮತ್ತೆ ಊರಿಗೆ ಹೋದರು ಎಂದ.

ಹೊರಗೆ ಬಂದು ರಸ್ತೆಯಲ್ಲಿ ನಿಂತೆ. ಆ ಗಳಿಗೆಯಲ್ಲಿ ನನಗೆ ನಿಜವಾಗಿ ದಾರಿ ತೋಚಲಿಲ್ಲ. ಊರೆಂದರೆ ಎಷ್ಟು ಜಿಲ್ಲೆಗಳು, ಎಷ್ಟು ಹಳ್ಳಿಗಳು. ನನ್ನ ಪುಸ್ತಕದಲ್ಲಿ ಬರೆದದ್ದು ತಾಯಿಯ ಹೆಸರು ಮತ್ತು ಮೇಸ್ತ್ರಿಯದೇ ನಂಬರು.

ಪಕ್ಕದ ಮನೆಯ ಕಂಪೌಂಡಿನ ಒಳಗಿನಿಂದ ಒಬ್ಬರು ನನ್ನನ್ನೇ ನೋಡುತ್ತಿದ್ದರು. ಅರುವತ್ತು ದಾಟಿದ ಕೊಂಕಣಿ ಕ್ರಿಶ್ಚಿಯನ್ ಹೆಂಗಸು, ನೈಟಿಯ ಮೇಲೆ ಟವೆಲು, ಕೈಯಲ್ಲಿ ತೆಂಗಿನ ಗರಿ ಸೀಳುವ ಕತ್ತಿ. ನಾನು ಗೇಟಿನ ಹತ್ತಿರ ಹೋದೆ.

"ಎಂತ, ಇನ್ನು ನಮ್ಮ ಬಾವಿಗೂ ನೋಟಿಸಾ?" ಎಂದರು. "ನಮ್ಮ ಬಾವಿಯಲ್ಲಿ ಸೊಳ್ಳೆಮರಿ ತಿನ್ನುವ ಮೀನು ಬಿಟ್ಟಿದ್ದೇನೆ. ಬೇಕಾದರೆ ಬಂದು ಲೆಕ್ಕ ಮಾಡಿ."

ಬಾವಿಗೆ ಬಂದದ್ದಲ್ಲ ಎಂದು ಹೇಳಿ ಹುಡುಗಿಯ ಗುರುತು ಹೇಳಿದೆ. ಅವರು ಕತ್ತಿಯನ್ನು ಕಟ್ಟೆಯ ಮೇಲಿಟ್ಟರು. ಆ ಮಗು ದಿನಾ ಬೆಳಿಗ್ಗೆ ತಮ್ಮ ಬಚ್ಚಲಿನ ಒಲೆಯ ಎದುರು ಬಂದು ಕೂತುಕೊಳ್ಳುತ್ತಿತ್ತೆಂದರು. ತಾಯಿ ನೀರಿಗೆ ಬಂದಾಗ ಜೊತೆಗೆ ಬರುವುದು, ಹಂಡೆಯ ಒಲೆಗೆ ಕೈ ಚಾಚಿ ಕೂರುವುದು. ಒಂದು ದಿನ ಚೊಂಬಿನಲ್ಲಿ ಬಿಸಿನೀರು ಕೊಟ್ಟರೆ, ಕುಡಿಯುವ ಬದಲು ಬೆರಳುಗಳನ್ನು ಅದರೊಳಗೆ ಇಟ್ಟುಕೊಂಡು ಅಲ್ಲಿಯೇ ನಿದ್ದೆ ಮಾಡಿತಂತೆ. "ನಾನು ಆ ತಾಯಿಗೆ ಬೈದಿದ್ದೇನೆ. ಮಗುವನ್ನು ಡಾಕ್ಟರಿಗೆ ತೋರಿಸು ಅಂತ. ಮಂಗಳವಾರ ನೀವು ನೋಡಿದಿರಲ್ಲ, ಏನೂ ಇಲ್ಲ ಅಂದಿರಂತೆ. ಬಕೆಟ್ ವಾಪಸ್ ಕೊಡಲಿಕ್ಕೆ ಬಂದಾಗ ಹೇಳಿದಳು."

ಬಕೆಟ್ ಕೊಡುವಾಗ ಎಲ್ಲಿಗೆ ಹೋಗುತ್ತೇವೆ ಎಂದು ಹೇಳಿದಳೋ ಎಂದು ಕೇಳಿದೆ.

"ನಿಟ್ಟೆಗೆ. ಅಲ್ಲಿ ಹಾಸ್ಟೆಲ್ ಕಟ್ಟುತ್ತಾರಂತೆ."

ಹಸಿರು ಬಲೆ ಕಣ್ಣೆದುರು ಬಂತು. ಆ ಕಟ್ಟಡದ ಎದುರಿನಿಂದಲೇ ಬಸ್ಸಿನಲ್ಲಿ ಬಂದಿದ್ದೆ. ಅವರು ಒಳಗೆ ಹೋಗಿ ಒಂದು ಲೋಟ ನೀರು ತಂದುಕೊಟ್ಟರು. ನೀರು ಕುಡಿದ ಮೇಲೆ ಮಗುವಿಗೆ ದೊಡ್ಡ ಕಾಯಿಲೆಯಾ ಎಂದು ಕೇಳಿದರು. ಇರಬಹುದು, ಆದರೆ ಸಿಕ್ಕಿದರೆ ಮದ್ದು ಉಂಟು ಎಂದೆ. "ಹಾಗಾದರೆ ಬೇಗ ಹೋಗಿ," ಎಂದರು, ನಾನೇನೋ ಅಲ್ಲಿ ಹರಟೆ ಹೊಡೆಯುತ್ತಿದ್ದೇನೆ ಎನ್ನುವ ಹಾಗೆ.

ಅಂದು ಮತ್ತೆ ನಿಟ್ಟೆ ಮುಟ್ಟುವಾಗ ಕತ್ತಲಾಗುತ್ತಿತ್ತು, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಈ ಸಲ ಇಡೀ ಪೆಟ್ಟಿಗೆ ಮಡಿಲಲ್ಲಿ ಇತ್ತು. ನಿಟ್ಟೆಯಲ್ಲಿ ಇಳಿದು ಹಸಿರು ಬಲೆಯ ಕಟ್ಟಡಕ್ಕೆ ನಡೆದೆ. ಕೆಳಗಿನ ಅಂತಸ್ತಿನಲ್ಲಿ ಗಾರೆ ಕಲಸುತ್ತಿದ್ದರು. ನೀರಿನ ತೊಟ್ಟಿಯಿಂದ ಅಲ್ಲಿಯವರೆಗೆ ಒಂದು ಸಣ್ಣ ಪ್ಲಾಸ್ಟಿಕ್ ಕೊಡವನ್ನು ಎರಡು ಕೈಗಳಲ್ಲಿ ಎದೆಗೊತ್ತಿಕೊಂಡು ಹುಡುಗಿ ಬರುತ್ತಿದ್ದಳು. ಎರಡೂ ಕೈಗಳಿಗೆ ಯಾರದೋ ಹಳೆಯ ಸಾಕ್ಸು ಹಾಕಿಕೊಂಡಿದ್ದಳು. ಸಾಕ್ಸು ಒದ್ದೆಯಾಗಿತ್ತು. ಹತ್ತು ಹೆಜ್ಜೆಗೊಮ್ಮೆ ಕೊಡ ಕೆಳಗಿಟ್ಟು ನಿಲ್ಲುತ್ತಿದ್ದಳು.

ಜೀವಂತ ಇದ್ದಾಳೆ, ಇಲ್ಲಿಯೇ ಇದ್ದಾಳೆ ಎಂಬ ನೆಮ್ಮದಿ ಮತ್ತು ಆ ಒದ್ದೆ ಸಾಕ್ಸು, ಎರಡೂ ಒಟ್ಟಿಗೇ ನನ್ನ ಮೇಲೆ ಬಿದ್ದವು. ಹೋಗಿ ಕೊಡ ತೆಗೆದುಕೊಂಡೆ. ಅವಳು ನನ್ನನ್ನು ಗುರುತು ಹಿಡಿದು ಬೆರಳನ್ನು ಬೆನ್ನ ಹಿಂದೆ ಅಡಗಿಸಿದಳು.

ತಾಯಿ ಗಾರೆಯ ಕೈಯಲ್ಲೇ ಬಂದಳು. ಮಗುವಿಗೆ ನೀರು ಹೊರಿಸಬಾರದಿತ್ತು ಎಂದುಬಿಟ್ಟೆ. ಅವಳು ಆಶ್ಚರ್ಯದಿಂದ ನನ್ನನ್ನು ನೋಡಿದಳು.

"ನೀವೇ ಅಂದ್ರೆಲ್ಲ, ಏನೂ ಇಲ್ಲಂತ," ಎಂದಳು. "ಅದಕ್ಕ ಸುಳ್ಳ ನೋವು ಮಾಡ್ಕೋತಾಳ ಅಂತ ತಿಳಕೊಂಡೆ. ಎಲ್ಲಾರೂ ಹಂಗ ಅಂತಿದ್ರು. ಅವರ ಮಾತ ನಾ ಒಬ್ಬಾಕಿನ ನಂಬಿರಲಿಲ್ಲ."

ಮಂಗಳವಾರದ ಆ ನೋಟ ಏನೆಂದು ಈಗ ತಿಳಿಯಿತು. ನಾನು ಆಗಲೇ ನಿಜ ಹೇಳಬೇಕಿತ್ತು. ಹೇಳಲಿಲ್ಲ. ಇನ್ನೊಮ್ಮೆ ನೋಡಬೇಕಾಗಿದೆ, ಒಂದು ಹನಿ ಸಾಕು ಎಂದೆ. ನನ್ನ ನೆನಪೇ ತಪ್ಪಾಗಿದ್ದರೆ, ಮಗು ನಿಜಕ್ಕೂ ಆರೋಗ್ಯವಾಗಿದ್ದರೆ, ಹೇಳುವ ಅಗತ್ಯವೇ ಬರುವುದಿಲ್ಲ ಎಂಬ ಒಂದು ಆಸೆ ಎಲ್ಲೋ ಇತ್ತು. ಅದನ್ನು ಬಚ್ಚಿಡುವುದಿಲ್ಲ.

ಇಟ್ಟಿಗೆಯ ರಾಶಿಯ ಮೇಲೆ ಪೆಟ್ಟಿಗೆ ತೆರೆದಿಟ್ಟೆ. ಹುಡುಗಿಯ ಬೆರಳನ್ನು ನನ್ನ ಎರಡು ಅಂಗೈಗಳ ನಡುವೆ ಬೆಚ್ಚಗೆ ಮಾಡಿ ಚುಚ್ಚಿದೆ. ಹತ್ತು ನಿಮಿಷ ಯಾರ ಜೊತೆಯೂ ಮಾತಾಡಲಿಲ್ಲ, ಫೋನ್ ತೆಗೆಯಲಿಲ್ಲ. ಕಡ್ಡಿ ಎತ್ತಿದಾಗ ಮಂಗಳವಾರ ನೋಡಿದ್ದೇ ಮತ್ತೆ ಕಂಡಿತು. ಮೇಲಿನ ಗೆರೆ, ಒಳ್ಳೆಯ ರಕ್ತದ ಜಾಗದಲ್ಲಿ ಗೆರೆ, ಸಿಕಲ್ ಜಾಗ ಖಾಲಿ. ಕಣ್ಣು ಅಂದೂ ಸರಿಯಾಗಿಯೇ ನೋಡಿತ್ತು. ಅರ್ಥ ಮಾಡಿಕೊಂಡದ್ದು ಮಾತ್ರ ತಿರುಗುಮುರುಗು. ಈ ಮಗುವಿನಲ್ಲಿ ಒಳ್ಳೆಯ ರಕ್ತ ಇರಲಿಲ್ಲ, ಇದ್ದದ್ದೆಲ್ಲ ಸಿಕಲ್.

ಮಣಿಪಾಲದ ಆ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ನನ್ನ ತಪ್ಪನ್ನೂ ಹೇಳಿದೆ. ಅವರು ಮಗುವಿಗೆ ಈಗ ಜ್ವರ ಇದೆಯೇ ಎಂದು ಕೇಳಿದರು. ಇಲ್ಲ. ಉಸಿರಾಟ? ಸರಿ ಇದೆ. ಹಾಗಾದರೆ ಬೆಚ್ಚಗೆ ಇಡಿ, ಚೆನ್ನಾಗಿ ನೀರು ಕುಡಿಸಿ, ಇಂದೇ ಕರೆದುಕೊಂಡು ಬನ್ನಿ, ತಂದೆ ತಾಯಿ ಇಬ್ಬರ ರಕ್ತವೂ ಬೇಕು ಎಂದರು. ಬಸ್ಸಿನಲ್ಲಿ ಹುಡುಗಿ ನನ್ನ ಸ್ವೆಟರಿನ ತೋಳುಗಳೊಳಗೆ ಕೈಗಳನ್ನು ತೂರಿಸಿಕೊಂಡು ಕಾರ್ಕಳದಿಂದ ಮಣಿಪಾಲದವರೆಗೆ ನಿದ್ದೆ ಮಾಡಿದಳು.

ಯಂತ್ರದ ಫಲಿತಾಂಶ ನಾಲ್ಕು ದಿನ ಬಿಟ್ಟು ಬಂತು. ಕಡ್ಡಿ ಹೇಳಿದ್ದನ್ನೇ ಅದೂ ಹೇಳಿತು. ತಂದೆಯೂ ತಾಯಿಯೂ ರೋಗದ ಅರ್ಧವನ್ನು ಹೊತ್ತವರು. ಇಬ್ಬರಿಗೂ ಯಾವ ತೊಂದರೆಯೂ ಇಲ್ಲ, ಇಬ್ಬರ ಅರ್ಧವೂ ಈ ಮಗುವಿನಲ್ಲಿ ಕೂಡಿತ್ತು. ಡಾಕ್ಟರು ಒಂದು ಕಾಗದದ ಮೇಲೆ ನಾಲ್ಕು ವೃತ್ತ ಬರೆದು ಅದನ್ನು ವಿವರಿಸಿದರು. ದಿನಾ ತೆಗೆದುಕೊಳ್ಳುವ ಮಾತ್ರೆ ಉಂಟು, ಅದರಿಂದ ನೋವು ಬರುವುದು ಬಹಳ ಕಡಿಮೆಯಾಗುತ್ತದೆ, ಉಡುಪಿಯ ಸರಕಾರಿ ಆಸ್ಪತ್ರೆಯಲ್ಲೇ ಸಿಗುವ ಹಾಗೆ ಮಾಡುತ್ತೇವೆ ಎಂದರು. ಕೆಲವು ಲಸಿಕೆಗಳು, ತಣ್ಣೀರು ಬೇಡ, ಬಾಟಲಿಯಲ್ಲಿ ನೀರು ಯಾವಾಗಲೂ ಜೊತೆಗಿರಲಿ, ಜ್ವರ ಬಂದರೆ ಕಾಯದೆ ಬನ್ನಿ. ಯಾವ ಊರಿಗೆ ಹೋದರೂ ತೋರಿಸಲು ಒಂದು ಚೀಟಿ ಕೊಟ್ಟರು.

ತಾಯಿ ಎಲ್ಲ ಕೇಳಿದಳು. ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ಗಂಡ ಪಕ್ಕದಲ್ಲಿ ಇರುವಾಗ: "ಹಂಗಾರ ಇದು ನನ್ನ ಕಡೀಂದ ಅಷ್ಟ ಬಂದದ್ದಲ್ಲ?" ಅಲ್ಲ, ಇಬ್ಬರಿಂದಲೂ ಎಂದರು ಡಾಕ್ಟರು. ಗಂಡ ತಲೆ ತಗ್ಗಿಸಿ ಕಾಗದದ ವೃತ್ತಗಳನ್ನು ನೋಡಿದ. ಮಗು ಹೀಗಿರುವುದು ಸೊಸೆಯ ಕಡೆಯಿಂದಲೇ ಎಂದು ಅವನ ತಾಯಿ ಏಳು ವರ್ಷ ಹೇಳಿಕೊಂಡು ಬಂದಿದ್ದಳೆಂದು ಆಮೇಲೆ ಹುಡುಗಿಯ ತಾಯಿಯೇ ಹೇಳಿದಳು. ಹೇಳುವಾಗ ಅವಳ ಮುಖ ಕಾಯಿಲೆಯ ಸುದ್ದಿ ಕೇಳಿದವಳ ಮುಖದ ಹಾಗಿರಲಿಲ್ಲ. ತುಂಬ ದಿನ ತಲೆಯ ಮೇಲಿದ್ದ ಬುಟ್ಟಿಯನ್ನು ಕೆಳಗಿಟ್ಟವಳ ಕುತ್ತಿಗೆಯ ಹಾಗೆ, ಅವಳ ಕುತ್ತಿಗೆ ನೆಟ್ಟಗಾಗಿತ್ತು.

ಹೊರಗೆ ಬೆಂಚಿನಲ್ಲಿ ಕುಳಿತಾಗ, ಮೊದಲ ದಿನ ಕಡ್ಡಿಯಲ್ಲಿ ಯಾಕೆ ಬರಲಿಲ್ಲ ಎಂದು ಕೇಳಿದಳು. ಈ ಪ್ರಶ್ನೆಗೆ ನಾನು ನಾಲ್ಕು ದಿನಗಳಿಂದ ಕಾಯುತ್ತಿದ್ದೆ. ಬಂದಿತ್ತು, ನಾನು ತಪ್ಪಾಗಿ ಓದಿದೆ ಎಂದೆ. ಮಲೇರಿಯಾ ಕಾರ್ಡಿನ ಹಾಗೆ ಓದಿಬಿಟ್ಟೆ, ನಿಮ್ಮ ಮಗು ಸುಳ್ಳು ಹೇಳಿರಲಿಲ್ಲ, ಸುಳ್ಳು ಹೇಳಿದ್ದು ನನ್ನ ಬಾಯಿ.

ಹುಡುಗಿ ಬಾಟಲಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿದ್ದಳು. ತಾಯಿ ಅವಳ ಕೈಯನ್ನು ತೆಗೆದುಕೊಂಡು, ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಅವತ್ತ ಬ್ಯಾರೆ ಯಾರ್ದರ ಕೂಸಿಗೆ ಹಂಗ ನೋಡಿದ್ರೇನ್ರಿ?" ಎಂದು ಕೇಳಿದಳು.

ಇಲ್ಲ ಎಂದೆ. ಅಂದು ಚೀಲದಲ್ಲಿ ಇದ್ದದ್ದೇ ಒಂದು ಕಡ್ಡಿ. ಅವಳು ತಲೆಯಾಡಿಸಿದಳು. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ನಾನೂ ಅದನ್ನು ಕ್ಷಮೆ ಎಂದು ಕರೆದುಕೊಳ್ಳಲು ಹೋಗಲಿಲ್ಲ.

ನಾನು ನಡೆದದ್ದನ್ನೆಲ್ಲ ಬರೆದು ಮೇಲಿನವರಿಗೆ ಕೊಟ್ಟೆ. ಈಗ ನಾವು ಎರಡು ಬಗೆಯ ಪರೀಕ್ಷೆಯನ್ನು ಒಂದೇ ತಟ್ಟೆಯಲ್ಲಿ ಇಡುವುದಿಲ್ಲ. ಸಿಕಲ್ ಕಡ್ಡಿಯನ್ನು ಒಬ್ಬರೇ ಓದುವುದಿಲ್ಲ, ಪಟ್ಟಿಯಲ್ಲಿ ಇಲ್ಲದವರದ್ದಕ್ಕೂ ಫೋಟೋ ತೆಗೆಯುತ್ತೇವೆ. ಕಟ್ಟಡದ ಕೆಲಸದವರ ಮಕ್ಕಳಿಗೂ ಒಂದಿಷ್ಟು ಕಡ್ಡಿ ಎತ್ತಿಡಿ ಎಂದು ಕೇಳಿಕೊಂಡೆ, ಒಪ್ಪಿದರು.

ಹಾಗೆ ಮುಂದಿನ ತಿಂಗಳು ಮತ್ತೆ ನಿಟ್ಟೆಗೆ ಹೋದೆ. ಹುಡುಗಿ ಶೆಡ್ಡಿನ ಬಾಗಿಲಲ್ಲಿ ಬಿಸಿಲಿಗೆ ಕಾಲು ಚಾಚಿ ಕುಳಿತು ನೆಲದ ಮೇಲೆ ಇದ್ದಿಲಿನಲ್ಲಿ ಏನೋ ಬರೆಯುತ್ತಿದ್ದಳು. ಪಕ್ಕದಲ್ಲಿ ನೀರಿನ ಬಾಟಲಿ. ಕೈಗೆ ಸಾಕ್ಸು ಇರಲಿಲ್ಲ. ಒಲೆಯ ಮೇಲೆ ಒಂದು ಡಬ್ಬ ನೀರು ಕಾಯುತ್ತಿತ್ತು. ಮಾತ್ರೆ ಶುರುವಾದ ಮೇಲೆ ಒಂದು ಸಲ ಮಾತ್ರ ಸಣ್ಣಗೆ ನೋವು ಬಂದಿತ್ತಂತೆ, ಬಿಸಿನೀರು ಕೊಟ್ಟು ಮಲಗಿಸಿದ ಮೇಲೆ ಮಧ್ಯಾಹ್ನಕ್ಕೆ ಹೋಯಿತಂತೆ.

ತಾಯಿ ಪಕ್ಕದ ಶೆಡ್ಡಿನ ಹೆಂಗಸನ್ನು ಕರೆದುಕೊಂಡು ಬಂದಳು. ಅವಳ ಕಂಕುಳಲ್ಲಿ ಎರಡು ವರ್ಷದ ಕೂಸು. ಅದಕ್ಕೂ ಆಗಾಗ ಕಾಲು ನೋವೆಂದು ಅಳುವ ಅಭ್ಯಾಸ, ಮನೆಯವರು ಹಠ ಎನ್ನುತ್ತಾರೆ. ಕೂಸಿನ ಬೆರಳು ಚುಚ್ಚಿದೆ. ಅದು ಅತ್ತು, ನನ್ನ ಕನ್ನಡಕ ಕಿತ್ತು, ಸುಮ್ಮನಾಯಿತು. ಹತ್ತು ನಿಮಿಷ ಇಡೀ ಹುಡುಗಿಯ ತಾಯಿ ನನ್ನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಪೆಟ್ಟಿಗೆಯ ಮುಚ್ಚಳದ ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದಳು. ಓದಿ, ಯಾವ ಜಾಗ ಯಾವುದರದ್ದೆಂದೂ ಹೇಳಿದೆ. ಇನ್ನೊಮ್ಮೆ ಹೇಳಿರಿ ಎಂದಳು, ಹೇಳಿದೆ.

ಸಮಯವಾದಾಗ ಕಡ್ಡಿ ಎತ್ತಿ, ಏನೂ ಹೇಳದೆ ಅವಳ ಮುಂದೆ ಹಿಡಿದೆ. ಅವಳು ಗಾರೆ ಮೆತ್ತಿದ ಬೆರಳನ್ನು ಕಡ್ಡಿಗೆ ತಾಗಿಸದ ಹಾಗೆ, ಮೇಲಿನಿಂದ ಕೆಳಕ್ಕೆ ನಿಧಾನವಾಗಿ ಒಂದೊಂದೇ ಜಾಗವನ್ನು ತೋರಿಸುತ್ತ ಬಂದಳು.

"ಇಲ್ಲಿ ಗೆರಿ. ಇದು ಖಾಲಿ. ಕೆಳಗ ಗೆರಿ." ನಿಲ್ಲಿಸಿ ನನ್ನ ಮುಖ ನೋಡಿದಳು. ನಾನು ಕಡ್ಡಿಯನ್ನೇ ನೋಡುತ್ತಿದ್ದೆ. ಅವಳು ಮತ್ತೊಮ್ಮೆ ಮೊದಲಿನಿಂದ ನೋಡಿಕೊಂಡು ಬಂದು, ಕೂಸಿನ ತಾಯಿಯ ಕಡೆ ತಿರುಗಿದಳು.

"ನಿನ್ನ ಕೂಸಿಗೆ ಇಲ್ಲ ತಗೋ," ಎಂದಳು. "ಆದ್ರ ಅಳತೈತಿ ಅಂದ್ರ ಬೈಬ್ಯಾಡ. ಡಾಕ್ಟರಿಗೆ ತೋರಿಸು."

ನಾನು ಹೌದೆಂದೆ, ಪುಸ್ತಕದಲ್ಲಿ ಬರೆದೆ, ಫೋಟೋ ತೆಗೆದೆ. ಓದಿದವರು ಎಂಬಲ್ಲಿ ನನ್ನ ಸಹಿ ಹಾಕಿದೆ. ಇನ್ನೊಬ್ಬರ ಸಹಿಯ ಜಾಗದಲ್ಲಿ ಅವಳು, ತನಗೆ ಬರುವ ಮೂರು ಅಕ್ಷರಗಳಲ್ಲಿ, ತನ್ನ ಹೆಸರು ಬರೆದಳು.